ಮಜ್ಜಿಗೆಯ ನಾಡಿಗೆ ಹಾಲಿನ ಲೋಟ ಬಂದ ಬಗೆ

1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ಪ್ರಯೋಗಾಲಯದ ಒಂದಷ್ಟು ಇಲಿಗಳು ಕನ್ನಡಿಗರ ಊಟ ಉಂಡು ಬೆಳೆದವು. ಅವನ್ನು ಸಾಕಿದವರು ವೈದ್ಯ ರಾಬರ್ಟ್ ಮೆಕ್ಯಾರಿಸನ್. ಈ ದೇಶದ ಒಂದೊಂದು ಸೀಮೆಯ ಜನರ ಮೈಕಟ್ಟು ಒಂದೊಂದು ಬಗೆಯಾಗಿರುವುದಕ್ಕೆ ಅವರ ಊಟವೇ ಕಾರಣವೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಅದಕ್ಕಾಗಿ ಸಿಖ್, ಪಠಾಣ, ಮರಾಠ, ಗೂರ್ಖ, ಕನ್ನಡಿಗ, ಬಂಗಾಳಿ, ಮದರಾಸಿ ಎಂದು ಏಳು ಬಗೆಯ ಊಟವನ್ನು ಏಳು ಗುಂಪಿನ ಇಲಿಗಳಿಗೆ ತಿನ್ನಿಸಿ ಕೊನೆಗೆ ತೂಕ ಹಾಕಿದರು. ಸಿಖ್ಖರ ಊಟದ ಇಲಿ ಸರಾಸರಿ 235 ಗ್ರಾಂ ತೂಗಿತು, ಮದರಾಸಿ ಊಟದ್ದು 155 ಗ್ರಾಂ. ನಮ್ಮ ಪಾಲಿನ ಇಲಿ 185 ಗ್ರಾಂ ತೂಗಿ ಐದನೆಯ ಸ್ಥಾನಕ್ಕೆ ನಿಂತಿತು. ಸಿಖ್ಖರ ತಟ್ಟೆಯಲ್ಲಿ ಗೋಧಿ ರೊಟ್ಟಿ, ಬೇಳೆ, ತರಕಾರಿಗಳ ಜೊತೆಗೆ ಹಾಲು, ಬೆಣ್ಣೆ ಧಾರಾಳವಾಗಿದ್ದವು. ಮದರಾಸಿಯ ತಟ್ಟೆಯಲ್ಲಿ ಮುಖ್ಯವಾಗಿ ಅನ್ನ. ಈ ಪ್ರಯೋಗದಿಂದ ಹೊರಟ ಪಾಠಗಳಲ್ಲಿ ಜನರ ಕಿವಿಗೆ ಬಿದ್ದದ್ದು ಒಂದೇ: ಹಾಲು ಕುಡಿಯುವವರು ಗಟ್ಟಿಮುಟ್ಟಾಗಿರುತ್ತಾರೆ, ಕುಡಿಯದವರು ಸೊರಗುತ್ತಾರೆ. ದಕ್ಷಿಣದವರು ಹಾಲು ಕುಡಿಯದೆ ಇದ್ದದ್ದಕ್ಕೆ ಬಡತನ, ಅಜ್ಞಾನಗಳಲ್ಲದೆ ಬೇರೆ ಕಾರಣವೂ ಇರಬಹುದೇ ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ಮೂವತ್ತು, ನಲವತ್ತು ದಾಟಿದ ಮೇಲೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ, ಗುಡುಗುಟ್ಟಿ, ಬೇಧಿಯಾಗಿ, ಡಾಕ್ಟರ ಬಾಯಲ್ಲಿ ‘ಲ್ಯಾಕ್ಟೋಸ್ ಇನ್‌ಟಾಲರೆನ್ಸ್’ ಎಂಬ ಮಾತು ಕೇಳಿ ಗಾಬರಿಯಾಗುವವರು ಇಂದು ಬೆಂಗಳೂರಿನಂಥ ಊರಿನಲ್ಲಿ ಕಡಿಮೆಯೇನಲ್ಲ. ಇದು ಹೊಸ ಕಾಯಿಲೆಯೆಂದು ಅವರು ತಿಳಿಯುತ್ತಾರೆ. ನನ್ನ ವಾದ ಬೇರೆ. ಈ ದೇಹಸ್ಥಿತಿ ನಮ್ಮಲ್ಲಿ ಬಹಳ ಹಳೆಯದು. ಬೆಳೆದವರು ಲೋಟ ತುಂಬ ಹಾಲು ಕುಡಿಯುವ ರೂಢಿಯೇ ಹೊಸದು. ನಡುವಿನ ಸಾವಿರಾರು ವರ್ಷ ಈ ತೊಂದರೆ ಕಣ್ಣಿಗೆ ಬೀಳದಂತೆ ನೋಡಿಕೊಂಡದ್ದು ನಮ್ಮ ಅಡುಗೆಮನೆಯ ಹೆಪ್ಪು.

ದೇಹದೊಳಗೆ ನಡೆಯುವುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಹಸುವಿನ ಹಾಲಿನಲ್ಲಿ ಅದು ನೂರಕ್ಕೆ ಸುಮಾರು 4.7 ಪಾಲು, ಎಮ್ಮೆಯ ಹಾಲಿನಲ್ಲಿ ಅಷ್ಟೇ ಅಥವಾ ಕೊಂಚ ಹೆಚ್ಚು. (ನಾಟಿ ಹಸುವಿನ ಹಾಲಾದರೆ ತೊಂದರೆಯಿಲ್ಲ ಎನ್ನುವವರಿಗೆ: ಲ್ಯಾಕ್ಟೋಸ್ ಅದರಲ್ಲೂ ಅಷ್ಟೇ ಇದೆ.) ಈ ಸಕ್ಕರೆಯನ್ನು ಕರುಳು ಇದ್ದ ಹಾಗೆಯೇ ಹೀರಲಾರದು. ಸಣ್ಣ ಕರುಳಿನ ಒಳಪದರದಲ್ಲಿ ಹುಟ್ಟುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂದು ಒಡೆಯಬೇಕು. ಒಡೆಯದೆ ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ, ಜೊತೆಗೆ ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಎಬ್ಬಿಸುತ್ತವೆ. ಉಬ್ಬರ, ನುಲಿತ, ಬೇಧಿ ಎಲ್ಲ ಬರುವುದು ಇದರಿಂದಲೇ. ಎಲ್ಲ ಸಸ್ತನಿಗಳ ಮರಿಗಳಿಗೂ ಹುಟ್ಟುವಾಗ ಈ ಕಿಣ್ವ ಹೇರಳವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಅದು ಇಳಿಯುತ್ತದೆ. ಮನುಷ್ಯರಲ್ಲೂ ಹೆಚ್ಚಿನವರಿಗೆ ಬಾಲ್ಯ ಕಳೆಯುವಷ್ಟರಲ್ಲೇ ಬಹುಪಾಲು ಇಳಿದುಹೋಗಿರುತ್ತದೆ. ಜಗತ್ತಿನ ವಯಸ್ಕರಲ್ಲಿ ಮೂರರಲ್ಲಿ ಎರಡು ಪಾಲು ಜನ ಹೀಗೇ ಇದ್ದಾರೆ. ಅಂದಮೇಲೆ ವಿವರಣೆ ಕೊಡಬೇಕಾದದ್ದು ಹಾಲು ಅರಗದವರಿಗಲ್ಲ, ಮುಪ್ಪಿನವರೆಗೂ ಅರಗಿಸಿಕೊಳ್ಳುವ ಉಳಿದ ಮೂರನೇ ಒಂದು ಪಾಲಿಗೆ. ಈ ವಿಷಯ ವೈದ್ಯಶಾಸ್ತ್ರಕ್ಕೆ ತಲೆಕೆಳಗಾಗಿ ಕಂಡದ್ದು ಅದನ್ನು ಮೊದಲು ಬರೆದವರು ಹಾಲು ಅರಗುವ ಜನಾಂಗದವರಾಗಿದ್ದರಿಂದ. ಎಲ್ಲರೂ ತಮ್ಮಂತೆ ಅಲ್ಲ ಎಂಬುದು ಅವರಿಗೆ ಗೊತ್ತಾದದ್ದು 1960ರ ದಶಕದ ನಡುವಿನಲ್ಲಿ, ಅಮೆರಿಕದ ಕರಿಯರು ಮತ್ತು ಬಿಳಿಯರನ್ನು ಹೋಲಿಸಿ ನೋಡಿದಾಗ.

ಆ ಮೂರನೇ ಒಂದು ಪಾಲಿನ ಗುಟ್ಟು ಹೊರಬಿದ್ದದ್ದು 2002ರಲ್ಲಿ. ಫಿನ್‌ಲೆಂಡಿನ ವಿಜ್ಞಾನಿಗಳು ಅಲ್ಲಿನ ಕುಟುಂಬಗಳ ವಂಶವಾಹಿಗಳನ್ನು ಜಾಲಾಡಿ, ಲ್ಯಾಕ್ಟೇಸ್ ವಂಶವಾಹಿಯ ಪಕ್ಕದಲ್ಲೇ ಇರುವ ಒಂದು ಅಕ್ಷರದ ವ್ಯತ್ಯಾಸವನ್ನು ಗುರುತಿಸಿದರು. ಅದು ಇದ್ದವರಲ್ಲಿ ಕಿಣ್ವದ ಉತ್ಪತ್ತಿ ಬಾಲ್ಯದ ನಂತರವೂ ನಿಲ್ಲುವುದಿಲ್ಲ. 2007ರಲ್ಲಿ ಪೂರ್ವ ಆಫ್ರಿಕದ ದನಗಾಹಿಗಳಲ್ಲಿ ಇದೇ ಕೆಲಸ ಮಾಡುವ ಬೇರೆ ವ್ಯತ್ಯಾಸಗಳು ಸಿಕ್ಕವು. ದನ ಸಾಕಿದ ಜನ ಬೇರೆಬೇರೆ ಕಡೆ ತಮ್ಮಷ್ಟಕ್ಕೆ ತಾವೇ ಈ ಶಕ್ತಿಯನ್ನು ಗಳಿಸಿಕೊಂಡಿದ್ದರು ಎಂದಾಯಿತು. ಭಾರತದ ಮಟ್ಟಿಗೆ ದೊಡ್ಡ ಸಮೀಕ್ಷೆ ಪ್ರಕಟವಾದದ್ದು 2012ರಲ್ಲಿ. ಇಲ್ಲಿ ಸಿಕ್ಕಿದ್ದು ಯುರೋಪಿನ ರೂಪವೇ, ಅದೇ ಮೂಲದಿಂದ ಕವಲೊಡೆದದ್ದು. ವಾಯವ್ಯದಲ್ಲಿ ಅದು ಹೆಚ್ಚಾಗಿದ್ದು, ದಕ್ಷಿಣಕ್ಕೂ ಪೂರ್ವಕ್ಕೂ ಬರುಬರುತ್ತ ಕಡಿಮೆಯಾಗುತ್ತದೆ. ಪಂಜಾಬು, ಹರಿಯಾಣಗಳ ಲಸ್ಸಿ ಮತ್ತು ರಾತ್ರಿಯ ಹಾಲಿನ ಲೋಟಕ್ಕೆ ಅಲ್ಲಿನವರ ಕರುಳಿನ ಬೆಂಬಲವೂ ಇದೆ. ತುಂಗಭದ್ರೆ ದಾಟಿದ ಮೇಲೆ ಆ ಬೆಂಬಲ ಬಹಳ ಸಡಿಲವಾಗುತ್ತದೆ.

ಇಲ್ಲೊಂದು ತೊಡಕಿದೆ, ಈ ಇಡೀ ಕತೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದೂ ಅದೇ. ದನ ಸಾಕಿದ ಜನಕ್ಕೆ ಹಾಲು ಅರಗುವ ಶಕ್ತಿ ಬರುತ್ತದೆ ಎನ್ನುವುದಾದರೆ ಕರ್ನಾಟಕಕ್ಕೆ ಅದು ಎಂದೋ ಬರಬೇಕಿತ್ತು. ಈ ನಾಡಿನ ಮೊದಲ ಊರುಗಳೇ ದನದ ಹಟ್ಟಿಗಳು. ಬಳ್ಳಾರಿಯ ಹತ್ತಿರದ ಕುಡತಿನಿ, ಸುರಪುರ ಸೀಮೆಯ ಬೂದಿಹಾಳ, ಗಡಿಯಾಚೆ ತೆಲಂಗಾಣದ ಉಟ್ನೂರು ಮುಂತಾದ ಕಡೆ ಇರುವ ಬೂದಿಗುಡ್ಡಗಳು ಇದಕ್ಕೆ ಸಾಕ್ಷಿ. ರಾಕ್ಷಸರ ಚಿತೆಯೆಂದೂ ಜ್ವಾಲಾಮುಖಿಯ ಬೂದಿಯೆಂದೂ ಒಂದು ಕಾಲಕ್ಕೆ ಊಹಿಸಿದ್ದ ಈ ದಿಬ್ಬಗಳು ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿ ಮತ್ತೆಮತ್ತೆ ಸುಟ್ಟು ಆದದ್ದೆಂದು ಉತ್ಖನನಗಳು ತೋರಿಸಿವೆ. ಉಟ್ನೂರನ್ನು ಅಗೆದ ರೇಮಂಡ್ ಆಲ್ಚಿನ್ 1963ರಲ್ಲಿ ಈ ಜನರನ್ನು ನವಶಿಲಾಯುಗದ ದನಗಾಹಿಗಳು ಎಂದು ಕರೆದು ಪುಸ್ತಕ ಬರೆದರು. ಮುಂದೆ ಬೂದಿಹಾಳದಲ್ಲಿ ಕೆ. ಪದ್ದಯ್ಯ ದೊಡ್ಡಿಯ ಜೊತೆಗೆ ವಾಸದ ನೆಲೆಯನ್ನೂ ಬಯಲಿಗೆ ತಂದರು. ಕಾಲ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನ. ಹಿರೇಗುಡ್ಡದ ಬಂಡೆಗಳ ಮೇಲೆ ಇವರು ಗೀರಿದ ಉದ್ದ ಕೊಂಬಿನ, ಹಿಣಿಲಿನ ದನಗಳು ಇಂದಿಗೂ ಇವೆ. ಬೂದಿಗುಡ್ಡಗಳು ದನವಿತ್ತೆಂದು ಹೇಳುತ್ತವೆ, ಹಾಲನ್ನು ಏನು ಮಾಡಿದರೆಂದು ಹೇಳುವುದಿಲ್ಲ. ಅದಕ್ಕೆ ಮಡಕೆಯ ಸಾಕ್ಷಿ ಬೇಕು. ಆ ಸಾಕ್ಷಿ ಗುಜರಾತಿನ ಕೋಟಡಾ ಭಡಲಿಯಲ್ಲಿದೆ. ಸಿಂಧೂ ನಾಗರಿಕತೆಯ ಕಾಲದ ಆ ಹಳ್ಳಿಯ ಮಡಕೆ ಚೂರುಗಳಲ್ಲಿ ಇಂಗಿದ್ದ ಜಿಡ್ಡನ್ನು ಪರೀಕ್ಷಿಸಿ, ಅದರಲ್ಲಿ ಹಾಲಿನ ಕೊಬ್ಬಿದೆಯೆಂದು 2020ರಲ್ಲಿ ತೋರಿಸಲಾಯಿತು. ಅಂದರೆ ಸುಮಾರು 4,500 ವರ್ಷಗಳ ಹಿಂದೆ ಈ ಉಪಖಂಡದಲ್ಲಿ ಹಾಲು ಮಡಕೆ ಹತ್ತಿತ್ತು, ಬಹುಶಃ ಒಲೆಯನ್ನೂ ಹತ್ತಿತ್ತು. ಇಷ್ಟು ಹಳೆಯ ದನದ ನಾಡಿನಲ್ಲಿ ಹಾಲು ಅರಗುವ ಗುಣ ಹಬ್ಬಲಿಲ್ಲವೇಕೆ?

ಉತ್ತರ ಮಡಕೆಯಲ್ಲೇ ಇದೆ ಎಂದು ನನ್ನ ಅಭಿಪ್ರಾಯ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಹಾಲು, ಬೆಣ್ಣೆಗಳ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಜನ ಹಸಿಹಾಲು ಬಳಸುವುದಿಲ್ಲ, ಅದಕ್ಕೆ ರುಚಿಯಿಲ್ಲ ಎನ್ನುತ್ತಾರೆ. ಕರೆದ ಹಾಲನ್ನು ಬಹಳ ಹೊತ್ತು ಕಾಯಿಸುತ್ತಾರೆ. ಆರಿದ ಮೇಲೆ ಹಿಂದಿನ ಮೊಸರು ಹಾಕಿ ಹೆಪ್ಪುಗಟ್ಟಿಸಿ, ಬೆಳಗಾದ ಮೇಲೆ ಕಡೆದು ಬೆಣ್ಣೆ ತೆಗೆಯುತ್ತಾರೆ ಎಂಬುದು ಅವನು ಕಂಡದ್ದು. ನಮಗೆ ಇದರಲ್ಲಿ ವಿಶೇಷವೇನೂ ಕಾಣದು, ಹೊರಗಿನವನಾದ್ದರಿಂದ ಅವನಿಗೆ ಕಂಡಿತು. ಹಾಲು ಈ ಮನೆಗಳಲ್ಲಿ ಒಂದು ದಾರಿಯ ಆರಂಭ ಮಾತ್ರ, ತಲುಪುವ ಜಾಗ ತುಪ್ಪ. ಆ ದಾರಿಯ ಒಂದೊಂದು ಮೆಟ್ಟಿಲಲ್ಲೂ ಲ್ಯಾಕ್ಟೋಸ್ ಉದುರುತ್ತ ಹೋಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ ಆ ಸಕ್ಕರೆಯೇ ಆಹಾರ. ಅವು ಅದನ್ನು ತಿಂದು ಹುಳಿ ಬಿಡುತ್ತವೆ, ಮೊಸರಾಗುವಷ್ಟರಲ್ಲಿ ಸುಮಾರು ಕಾಲು ಪಾಲು ಖರ್ಚಾಗಿರುತ್ತದೆ, ಹುಳಿ ಏರಿದಂತೆ ಇನ್ನೂ ಹೆಚ್ಚು. ಅಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಆದರೆ 1984ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದನ್ನು ತೋರಿಸಿದರು: ಜೀವಂತ ಮೊಸರಿನ ಬ್ಯಾಕ್ಟೀರಿಯಾಗಳು ಹೊಟ್ಟೆಗೆ ಹೋದ ಮೇಲೂ ಕೆಲಸ ನಿಲ್ಲಿಸುವುದಿಲ್ಲ. ತಮ್ಮದೇ ಕಿಣ್ವವನ್ನು ಕರುಳಿನಲ್ಲಿ ಬಿಟ್ಟು ಉಳಿದ ಲ್ಯಾಕ್ಟೋಸನ್ನೂ ಒಡೆಯುತ್ತವೆ. ಮೊಸರು ತನ್ನ ಜೀರ್ಣಕ್ಕೆ ಬೇಕಾದದ್ದನ್ನು ತಾನೇ ಕಟ್ಟಿಕೊಂಡು ಬರುತ್ತದೆ. ಬಳಿಕ ಅದಕ್ಕೆ ನೀರು ಬೆರೆಸಿ ಕಡೆಯುತ್ತೇವೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರೆಂದರೂ ದೊಡ್ಡ ಲೋಟ ಮಜ್ಜಿಗೆಯಲ್ಲಿ ಉಳಿಯುವ ಲ್ಯಾಕ್ಟೋಸ್ ಎರಡು ಗ್ರಾಂ ಆಸುಪಾಸು. ಅದೇ ಲೋಟದ ತುಂಬ ಹಾಲಾದರೆ ಹನ್ನೊಂದು, ಹನ್ನೆರಡು ಗ್ರಾಂ. ತುಪ್ಪದಲ್ಲಿ ಇಲ್ಲವೆನ್ನುವಷ್ಟು. ಹೀಗೆ ವಂಶವಾಹಿ ಮಾಡಬೇಕಿದ್ದ ಕೆಲಸವನ್ನು ಗಡಿಗೆ ಮಾಡಿತು. ತೊಂದರೆಯೇ ಕೊಡದ ಕಡೆ ಪ್ರಕೃತಿಗೆ ಆಯ್ಕೆ ಮಾಡಲು ಏನಿದೆ? ಮಂಗೋಲಿಯಾದಲ್ಲೂ ಇದೇ ಆಗಿದೆ. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹೈನನ್ನೇ ನಂಬಿ ಬದುಕಿದ ಅಲ್ಲಿನವರಲ್ಲಿ ಹಾಲು ಅರಗುವ ರೂಪ ಅತಿ ವಿರಳ. ಅವರು ಕುದುರೆಯ ಹಾಲನ್ನು ಹುಳಿಸಿ ಕುಡಿಯುತ್ತಾರೆ.

ಮಜ್ಜಿಗೆಯ ಕಡೆಗೆ ನಮ್ಮನ್ನು ತಳ್ಳಿದ್ದರಲ್ಲಿ ನಮ್ಮ ದನದ ಪಾತ್ರವೂ ಇದೆ. ಹಳ್ಳಿಕಾರ್, ಅಮೃತಮಹಲ್, ಖಿಲಾರಿ ತಳಿಗಳು ಹೆಸರಾದದ್ದು ಎತ್ತುಗಳಿಂದ, ಕೆಚ್ಚಲಿನಿಂದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಅರಮನೆಯ ದನಗಳಿಗಾಗಿ ತೆರೆದ ಇಲಾಖೆಯ ಹೆಸರು ಬೆಣ್ಣೆ ಚಾವಡಿ. ಟಿಪ್ಪು ಅದನ್ನು ಅಮೃತಮಹಲ್ ಎಂದು ಬದಲಿಸಿದ. ಎರಡು ಹೆಸರೂ ಹೈನನ್ನೇ ಸೂಚಿಸುತ್ತವೆ, ಆದರೆ ಇತಿಹಾಸದಲ್ಲಿ ಆ ದನಗಳ ಕೆಲಸ ಫಿರಂಗಿ ಎಳೆಯುವುದಾಗಿತ್ತು. ಕರು ಕುಡಿದು ಉಳಿದ ಹಾಲು ಅಷ್ಟಕ್ಕಷ್ಟೇ. ಕಾದ ನೆಲದಲ್ಲಿ ಅದು ಸಂಜೆಯವರೆಗೂ ನಿಲ್ಲದು. ಹಣವಾಗುತ್ತಿದ್ದದ್ದು ತುಪ್ಪವೊಂದೇ, ತಿಂಗಳುಗಟ್ಟಲೆ ಕೆಡದೆ ಸಂತೆಗೆ ಹೋಗಬಲ್ಲದ್ದೂ ಅದೊಂದೇ. ಬೆಣ್ಣೆ ತೆಗೆದ ಮೇಲಿನ ಮಜ್ಜಿಗೆಗೆ ಬೆಲೆಯಿರಲಿಲ್ಲ, ಕೇಳಿದವರಿಗೆ ಸುರಿಯುತ್ತಿದ್ದರು. ಮಜ್ಜಿಗೆಗೆ ಬಂದವರಿಗೆ ಎಮ್ಮೆ ಕ್ರಯ ಯಾಕೆ ಎಂಬ ಗಾದೆ ಹುಟ್ಟಿದ್ದು ಅಂಥ ಅಂಗಳದಲ್ಲಿ. ಆ ಮಜ್ಜಿಗೆ ರಾಗಿಯ, ಜೋಳದ ಅಂಬಲಿಗೆ ಬೆರೆತು ಹೊಲಕ್ಕೆ ಹೋಯಿತು. ಮಲೆನಾಡಿನಲ್ಲಿ ತಂಬುಳಿಯಾಯಿತು, ಬಯಲಿನಲ್ಲಿ ಮಜ್ಜಿಗೆಹುಳಿಯಾಯಿತು, ಬೇಸಗೆಯಲ್ಲಿ ಮೆಣಸಿನಕಾಯಿಯೊಳಗೂ ಸೇರಿ ಬಾಳಕವಾಯಿತು. ಇದನ್ನು ಚಿತ್ರ ಬಿಡಿಸಿದಷ್ಟು ಸುಂದರವಾಗಿ ಹೇಳಿ ಮುಗಿಸುವಂತಿಲ್ಲ. ದನವಿಲ್ಲದ ಕೇರಿಗಳ ಅಂಬಲಿಗೆ ಉಪ್ಪೇ ಗತಿಯಾಗಿದ್ದ ದಿನಗಳು ಬಹಳ. ಮಜ್ಜಿಗೆ ಕೇಳಿ ತರುವುದರಲ್ಲಿ ಜಾತಿಯ ದೂರವೂ ಇತ್ತು. ಕರಾವಳಿಯ ಗಂಜಿಗೆ ಹೈನಿಗಿಂತ ತೆಂಗೇ ಹತ್ತಿರದ ನೆಂಟ. ಹೀಗೆ ಎಲ್ಲರೂ ಮಜ್ಜಿಗೆ ಕುಡಿಯುತ್ತಿದ್ದರು ಎನ್ನಲಾಗದು. ದೊಡ್ಡವರಲ್ಲಿ ಯಾರೂ ದಿನವೂ ಲೋಟ ತುಂಬ ಹಾಲು ಕುಡಿಯುತ್ತಿರಲಿಲ್ಲ ಎಂದರೆ ಬಹುಪಾಲು ನಿಜ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಹಾಲು ಕೆಡುತ್ತದೆಂದು ಹೆಪ್ಪು ಹಾಕಿದರು, ತುಪ್ಪ ಬೇಕೆಂದು ಕಡೆದರು. ಹೊಟ್ಟೆಯ ವಿಚಾರ ಇದರಲ್ಲಿ ಎಲ್ಲಿಂದ ಬಂತು? ನಮ್ಮ ಹಿರಿಯರಿಗೆ ಕಿಣ್ವಶಾಸ್ತ್ರ ಗೊತ್ತಿತ್ತೆಂದು ಹೇಳುವುದು ಇತಿಹಾಸವಲ್ಲ, ಜಂಬ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿದರೂ ವಾದ ಬೀಳುವುದಿಲ್ಲ, ಯಾಕೆಂದರೆ ಅದು ಉದ್ದೇಶವನ್ನು ಅವಲಂಬಿಸಿಲ್ಲ, ಪರಿಣಾಮವನ್ನು ಅವಲಂಬಿಸಿದೆ. ಬಿಸಿಲು ಮತ್ತು ಸಂತೆ ಸೇರಿ ಕಟ್ಟಿದ ಪದ್ಧತಿಯೊಂದು ಜೀರ್ಣದ ಸಮಸ್ಯೆಯನ್ನೂ ತಾನಾಗಿಯೇ ಬಗೆಹರಿಸಿತು. ಇದಕ್ಕೆ ಒರೆಗಲ್ಲು ಬೇಕೆಂದರೆ ಮತ್ತೆ ನೀಲಗಿರಿಗೆ ಹೋಗಬೇಕು. ಅಲ್ಲಿನ ತೋಡರು ಎಮ್ಮೆಯನ್ನೇ ದೈವವಾಗಿ, ಹಾಲುಮನೆಯನ್ನೇ ಗುಡಿಯಾಗಿ ಮಾಡಿಕೊಂಡ ಪುಟ್ಟ ಸಮುದಾಯ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರು ಇವರಿಗೆ ಧಾನ್ಯ ಕೊಟ್ಟು ತುಪ್ಪ ಪಡೆಯುತ್ತಿದ್ದರು. 1906ರಲ್ಲಿ ತೋಡರ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ ಡಬ್ಲ್ಯು.ಎಚ್.ಆರ್. ರಿವರ್ಸ್‌ಗೆ ಆ ಜನರ ಹಾಲುಮನೆಯ ಆಚಾರಗಳಿಗೇ ಅದರ ಬಹುಭಾಗ ಮೀಸಲಿಡಬೇಕಾಯಿತು. ಹಾಲು ಅರಗಿಸುವ ರೂಪ ದಕ್ಷಿಣದಲ್ಲಿ ಎದ್ದುಕಾಣುವಷ್ಟು ಹೆಚ್ಚಿರುವುದು ಈ ತೋಡರಲ್ಲೇ. ಹಾಲು ಬೇಗ ಒಡೆಯದ ತಣ್ಣನೆಯ ಬೆಟ್ಟ, ಕೃಷಿಯಿಲ್ಲದೆ ಎಮ್ಮೆಯೊಂದನ್ನೇ ನಂಬಿದ ಬದುಕು. ಬಯಲಿನ ಕನ್ನಡಿಗರಿಗೆ ಇವೆರಡೂ ಇರಲಿಲ್ಲ. ಬೆಟ್ಟದ ಮೇಲೆ ದೇಹ ಬದಲಾಯಿತು, ಕೆಳಗೆ ಹಾಲು ಬದಲಾಯಿತು. ಯುರೋಪಿನ ಸಾಕ್ಷಿಯೂ ಹೀಗೇ ಇದೆ. ಅಲ್ಲಿ ಸಾವಿರಾರು ಮಡಕೆ ಚೂರುಗಳನ್ನು ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಾಲು ಬಳಸಲು ತೊಡಗಿ ಸಾವಿರಾರು ವರ್ಷ ಕಳೆದ ಮೇಲೆಯೇ ಅರಗಿಸುವ ಗುಣ ಹಬ್ಬಿದ್ದು. ಹಬ್ಬಿಸಿದ್ದು ಹಾಲಿನ ಬಳಕೆಗಿಂತ ಹೆಚ್ಚಾಗಿ ಬರ ಮತ್ತು ಅಂಟುರೋಗ. ಹೊಟ್ಟೆಗಿಲ್ಲದೆ ಸೊರಗಿದವನಿಗೆ ಬೇಧಿಯಾದರೆ ಪ್ರಾಣಕ್ಕೇ ಕುತ್ತು, ಉಂಡು ಗಟ್ಟಿಯಾದವನಿಗೆ ಅದೇ ಬೇಧಿ ಒಂದು ದಿನದ ಕಿರಿಕಿರಿ.

ಎರಡನೆಯ ಆಕ್ಷೇಪ ಪುರಾಣ, ಪೂಜೆಗಳ ಕಡೆಯಿಂದ ಬರುತ್ತದೆ. ಕ್ಷೀರಸಾಗರ, ಕ್ಷೀರಾಭಿಷೇಕ, ಪಂಚಾಮೃತ, ಪಾಯಸ, ಮದುವೆಯ ರಾತ್ರಿಯ ಹಾಲು, ಹೊಸ ಮನೆಯಲ್ಲಿ ಉಕ್ಕಿಸುವ ಹಾಲು. ಇಷ್ಟೆಲ್ಲ ಇರುವಾಗ ಹಾಲು ನಮಗೆ ಹೊಸದು ಎನ್ನುವುದು ಹೇಗೆ? ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಹಾಲು ದೊಡ್ಡವರ ದಿನನಿತ್ಯದ ಪಾನೀಯವಾಗಿ ಎಲ್ಲಿಯೂ ಬರುವುದಿಲ್ಲ. ಅದು ದೇವರಿಗೆ, ಮಗುವಿಗೆ, ಬಾಣಂತಿಗೆ, ರೋಗಿಗೆ, ಶುಭಗಳಿಗೆಗೆ. ತೀರ್ಥದ ಹಾಗೆ ಅಂಗೈಯಷ್ಟು. ಹಬ್ಬದ ಹೆಸರುಬೇಳೆ ಪಾಯಸಕ್ಕೂ ಗಸಗಸೆ ಪಾಯಸಕ್ಕೂ ನಮ್ಮಲ್ಲಿ ರುಬ್ಬಿ ಹಿಂಡುವುದು ಕಾಯಿಹಾಲು. ಹೋಳಿಗೆ, ಚಿರೋಟಿ, ಮೈಸೂರು ಪಾಕುಗಳೆಲ್ಲ ತುಪ್ಪದ ಸಂತಾನ, ಹಾಲಿನದಲ್ಲ. ಹಾಲನ್ನೇ ಬತ್ತಿಸಿ ಮಾಡುವ ಸಿಹಿಗಳಲ್ಲಿ ನಮ್ಮ ಹೆಮ್ಮೆಯದು ಧಾರವಾಡ ಪೇಡ, ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ತಂದವರು ಇಂದಿನ ಉತ್ತರಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರರು. ವೈದ್ಯಗ್ರಂಥಗಳು ಇನ್ನೂ ಸ್ಪಷ್ಟ. ಚರಕಸಂಹಿತೆ ಹಾಲನ್ನು ಹೊಗಳುತ್ತದೆ, ನಿಜ. ಆದರೆ ಉಂಡದ್ದು ನಿಲ್ಲದೆ ಸಡಿಲವಾಗಿ ಹೋಗುವ ಗ್ರಹಣಿಗೆ ಅದು ಹೇಳುವ ಪಥ್ಯ ಮಜ್ಜಿಗೆ. ಆ ವೈದ್ಯರು ಕಾರಣವನ್ನು ವಾತ, ಕಫಗಳ ಭಾಷೆಯಲ್ಲಿ ವಿವರಿಸಿದರು. ಆ ವಿವರಣೆಯನ್ನು ಇಂದು ಒಪ್ಪಬೇಕಿಲ್ಲ, ಅವರು ಕಂಡದ್ದನ್ನು ಅಲ್ಲಗಳೆಯಲೂ ಬೇಕಿಲ್ಲ.

ಹಾಗಾದರೆ ಲೋಟ ಎಲ್ಲಿಂದ ಬಂತು? ಅದರ ಒಂದು ಬೇರು ಅಮೆರಿಕದಲ್ಲಿದೆ. ವಿಟಮಿನ್ನುಗಳ ಶೋಧಕರಲ್ಲಿ ಒಬ್ಬರಾದ ಎಲ್ಮರ್ ಮೆಕಾಲಮ್ 1918ರ ತಮ್ಮ ಪುಸ್ತಕದಲ್ಲಿ ಹಾಲನ್ನು ರಕ್ಷಕ ಆಹಾರವೆಂದು ಪಟ್ಟಕ್ಕೇರಿಸಿ, ಹಾಲು ಬಳಸುವ ಜನಾಂಗಗಳು ಬಳಸದವರಿಗಿಂತ ಮೇಲಾಗಿವೆ ಎಂಬ ಅರ್ಥದಲ್ಲಿ ಬರೆದರು. ಮೆಕ್ಯಾರಿಸನ್ನರ ಇಲಿಗಳು ಆ ಮಾತಿಗೆ ಇಲ್ಲಿ ಸಾಕ್ಷಿ ನುಡಿದವು. ಅವರ ನಂತರ ಕೂನೂರಿನ ಸಂಸ್ಥೆಗೆ ಬಂದ ಡಬ್ಲ್ಯು.ಆರ್. ಐಕ್ರಾಯ್ಡ್ 1930ರ ದಶಕದಲ್ಲಿ ಭಾರತೀಯ ಆಹಾರಗಳ ಪೌಷ್ಟಿಕಾಂಶದ ಕೈಪಿಡಿ ಹೊರತಂದರು. ವಯಸ್ಕನ ಸಮತೋಲನದ ಊಟಕ್ಕೆ ಅದು ಸೂಚಿಸಿದ ಹಾಲು ದಿನಕ್ಕೆ ಸುಮಾರು 8 ಔನ್ಸ್, ಅಂದರೆ ಒಂದು ದೊಡ್ಡ ಲೋಟ. ಇವರನ್ನು ಹಳಿಯುವುದು ಸುಲಭ, ಸರಿಯಲ್ಲ. ಅವರ ಕಣ್ಣೆದುರಿಗಿದ್ದದ್ದು ವಿಟಮಿನ್ ಎ ಇಲ್ಲದೆ ಕಣ್ಣು ಕಳೆದುಕೊಳ್ಳುತ್ತಿದ್ದ, ಪ್ರೋಟೀನಿಲ್ಲದೆ ಕುಗ್ಗಿದ ಮಕ್ಕಳು. ಮಕ್ಕಳ ಮಟ್ಟಿಗೆ ಹಾಲು ಒಳ್ಳೆಯ ಉತ್ತರವೂ ಆಗಿತ್ತು. ಎಡವಿದ್ದು ಮಕ್ಕಳಿಗೆ ಹೇಳಿದ್ದನ್ನು ದೊಡ್ಡವರಿಗೂ, ವಾಯವ್ಯಕ್ಕೆ ಒಗ್ಗಿದ್ದನ್ನು ದಕ್ಷಿಣಕ್ಕೂ ಅಳತೆ ನೋಡದೆ ಹೊಲಿದಾಗ. ಅದೇ ಕೂನೂರಿನ ಸಂಸ್ಥೆ ಮುಂದೆ ಹೈದರಾಬಾದಿಗೆ ಬಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಭಾರತೀಯರಲ್ಲಿ ಲ್ಯಾಕ್ಟೇಸ್ ಕೊರತೆಯ ಕುರಿತ ಮೊದಮೊದಲ ಅಧ್ಯಯನಗಳಲ್ಲಿ ಒಂದನ್ನು 1972ರಲ್ಲಿ ಅಲ್ಲಿನ ವಿನೋದಿನಿ ರೆಡ್ಡಿ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದರು. 1981ರಲ್ಲಿ ಉತ್ತರ ದಕ್ಷಿಣಗಳನ್ನು ಒಂದೇ ತಕ್ಕಡಿಯಲ್ಲಿಟ್ಟ ಇನ್ನೊಂದು ಅಧ್ಯಯನ ಬಂತು. ದೆಹಲಿಯಲ್ಲಿ ಹಾಲು ಒಗ್ಗದವರು ನೂರಕ್ಕೆ 27.4, ತಿರುವನಂತಪುರ, ಪಾಂಡಿಚೇರಿಗಳಲ್ಲಿ 66.6.

ಆ ಹೊತ್ತಿಗೆ ಹಾಲಿನ ಹೊಳೆ ಹರಿಯತೊಡಗಿತ್ತು. ಕರ್ನಾಟಕದ ಮೊದಲ ಡೇರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾಯಿತು, ಬೆಂಗಳೂರು ಡೇರಿ 1965ರಲ್ಲಿ. 1970ರಲ್ಲಿ ಕ್ಷೀರಕ್ರಾಂತಿ ಬಂತು, 1974ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಂಘಗಳು ಬಂದವು, ಎತ್ತು ಹೆರುವ ಹಸುವಿನ ಜಾಗಕ್ಕೆ ಹೋಲ್‌ಸ್ಟೀನ್, ಜರ್ಸಿ ಮಿಶ್ರತಳಿಗಳು ಬಂದವು. 1950–51ರಲ್ಲಿ ಇಡೀ ದೇಶದ ಹಾಲು 1.7 ಕೋಟಿ ಟನ್, 2022–23ರಲ್ಲಿ 23 ಕೋಟಿ ಟನ್. 2024ರ ಜೂನಿನಲ್ಲಿ ಕರ್ನಾಟಕ ಹಾಲು ಮಹಾಮಂಡಳ ಒಂದೇ ದಿನದಲ್ಲಿ ಸಂಗ್ರಹಿಸಿದ್ದು 1 ಕೋಟಿ ಲೀಟರಿಗೂ ಮೇಲೆ. ಇದರಿಂದ ಹಳ್ಳಿಯ ಹೆಂಗಸರ ಕೈಗೆ ವಾರದ ಬಟವಾಡೆಯ ಕಾಸು ಬಂತು, ಅದು ಸಣ್ಣ ಮಾತಲ್ಲ. ನನ್ನ ವಾದಕ್ಕೆ ಬೇಕಾದದ್ದು ಇನ್ನೊಂದು. ಹಿಂದೆ ದೂರ ಹೋಗಬೇಕಾದರೆ ಹಾಲು ತುಪ್ಪವಾಗಲೇಬೇಕಿತ್ತು. ಶೀತಲೀಕರಣ ಘಟಕ ಮತ್ತು ಪ್ಲಾಸ್ಟಿಕ್ ಪೊಟ್ಟಣ ಬಂದ ಮೇಲೆ ಹಾಲು ಹಾಲಾಗಿಯೇ ಊರು ದಾಟಿತು. ಬೆಳಿಗ್ಗೆ ಹಳ್ಳಿಯ ಮನೆಯಿಂದ ಹಾಲು ಡೇರಿಗೆ ಹೋಯಿತು, ಕಡೆಗೋಲು ಅಟ್ಟ ಸೇರಿತು, ಮಜ್ಜಿಗೆ ಕೇಳಲು ಬರುವವರೂ ಇಲ್ಲವಾದರು.

ಇನ್ನುಳಿದ ಆಕ್ಷೇಪ ಎಲ್ಲರ ಬಾಯಲ್ಲಿರುವುದು. ಮೂರರಲ್ಲಿ ಇಬ್ಬರಿಗೆ ಹಾಲು ಒಗ್ಗುವುದಿಲ್ಲವೆಂದರೆ ಇಷ್ಟು ಕಾಫಿ ಕುಡಿಯುವವರು ಯಾರು? ಇದಕ್ಕೆ ಉತ್ತರ ಪ್ರಮಾಣದಲ್ಲಿದೆ. ಆ ಅಧ್ಯಯನಗಳ ಕಾಲದ ಪರೀಕ್ಷೆಗಳಲ್ಲಿ ಖಾಲಿಹೊಟ್ಟೆಗೆ 50 ಗ್ರಾಂ ಲ್ಯಾಕ್ಟೋಸ್ ಕುಡಿಸುವುದು ರೂಢಿ. ಅದು ಒಂದು ಲೀಟರ್ ಹಾಲನ್ನು ಒಂದೇ ಗುಟುಕಿಗೆ ಕುಡಿದಂತೆ, ಪೈಲ್ವಾನರನ್ನು ಬಿಟ್ಟರೆ ಹಾಗೆ ಯಾರೂ ಕುಡಿಯುವುದಿಲ್ಲ. ಕಿಣ್ವ ಇಳಿದವರಲ್ಲೂ ಹೆಚ್ಚಿನವರು ಒಂದು ಸಲಕ್ಕೆ ಸುಮಾರು 12 ಗ್ರಾಂ ತಡೆದುಕೊಳ್ಳುತ್ತಾರೆ, ಊಟದ ಜೊತೆಗಾದರೆ ಇನ್ನೂ ಸುಲಭವಾಗಿ. ಪುಟ್ಟ ಲೋಟದ ಕಾಫಿಯಲ್ಲಿ ಮೂರು ಗ್ರಾಂ ಇರಬಹುದು. ಅದನ್ನು ದಿನವೂ ಕುಡಿಯುವವರ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೂ ಅಷ್ಟಕ್ಕೆ ಹೊಂದಿಕೊಂಡಿರುತ್ತವೆ. ಆದ್ದರಿಂದ ಕಿಣ್ವ ಇಲ್ಲದಿರುವುದು ಬೇರೆ, ಹೊಟ್ಟೆ ಕೆಡುವುದು ಬೇರೆ. ಮೊದಲನೆಯದು ಹುಟ್ಟಿನಿಂದ ಬಂದ ಗುಣ, ಎರಡನೆಯದು ಎಷ್ಟು, ಯಾವಾಗ, ಯಾವ ರೂಪದಲ್ಲಿ ಎಂಬುದಕ್ಕೆ ಸಿಕ್ಕಿದ್ದು. ‘ನಿನ್ನೆ ಮೊನ್ನೆಯವರೆಗೆ ಆಗುತ್ತಿತ್ತು, ಈಗ ಆಗುತ್ತಿಲ್ಲ’ ಎನ್ನುವ ಮೂವತ್ತೈದರ ವ್ಯಕ್ತಿಯ ಕಿಣ್ವ ಇಳಿದದ್ದು ನಿನ್ನೆಯಲ್ಲ, ಹೆಚ್ಚಾಗಿ ಅವರು ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ. ಇತ್ತೀಚೆಗೆ ಬದಲಾದದ್ದು ಬಹುಪಾಲು ಊಟದ ಕ್ರಮ. ಮಜ್ಜಿಗೆ ಅನ್ನದ ಜಾಗದಲ್ಲಿ ಮಿಲ್ಕ್‌ಶೇಕ್, ತಿಂಡಿಯ ಜಾಗದಲ್ಲಿ ಬಟ್ಟಲು ತುಂಬ ತಣ್ಣನೆಯ ಹಾಲಿಗೆ ಸುರಿದ ಜೋಳದ ಅವಲಕ್ಕಿ, ಜಿಮ್ಮಿನ ಹಾಲೊಡಕಿನ ಪುಡಿ, ರಾತ್ರಿ ಐಸ್‌ಕ್ರೀಮು. ಓದಲು, ದುಡಿಯಲು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದ ಕನ್ನಡಿಗರಿಗೆ ಈ ಬದಲಾವಣೆ ಒಂದೇ ತಿಂಗಳಲ್ಲಿ ಆಗಿಬಿಡುತ್ತದೆ, ತೊಂದರೆ ಕಾಣಿಸಿಕೊಳ್ಳುವುದೂ ಅಲ್ಲೇ. ಎಲ್ಲವನ್ನೂ ಇದರ ತಲೆಗೆ ಕಟ್ಟುವಂತಿಲ್ಲ ಎಂಬುದನ್ನೂ ಹೇಳಬೇಕು. ಕರುಳಿನ ಸೋಂಕು, ಸೀಲಿಯಾಕ್‌ನಂಥ ಕಾಯಿಲೆಗಳು ಒಳಪದರವನ್ನು ಹಾಳುಮಾಡಿ ಇದ್ದ ಅಲ್ಪಸ್ವಲ್ಪ ಕಿಣ್ವವನ್ನೂ ಕಳೆಯುತ್ತವೆ. ದಿಢೀರನೆ ಶುರುವಾಗಿ ತೂಕ ಇಳಿಯುವುದು, ರಕ್ತ ಬೀಳುವುದು ಕಂಡರೆ ಇತಿಹಾಸ ಓದುತ್ತ ಕೂರದೆ ಡಾಕ್ಟರ ಬಳಿ ಹೋಗಬೇಕು.

ಶಾಲೆಯ ಹಾಲಿನ ಪ್ರಶ್ನೆಯನ್ನೂ ಈ ಬೆಳಕಿನಲ್ಲಿ ಬೇರೆಯಾಗಿ ನೋಡಬಹುದು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವಿಗೆ ಸಿಗುವುದು ಹಾಲಿನ ಪುಡಿ ಕದಡಿ ಮಾಡಿದ 150 ಮಿಲಿಲೀಟರ್. ಅದರಲ್ಲಿ ಲ್ಯಾಕ್ಟೋಸ್ ಸುಮಾರು ಏಳು ಗ್ರಾಂ. ಅಂಗನವಾಡಿಯ ಮಗುವಿಗೆ ಕಿಣ್ವ ಇನ್ನೂ ಇದೆ, ಇಳಿದಿರುವ ಹತ್ತರ ಮಗುವಿಗೂ ಆ ಪ್ರಮಾಣ ಮಿತಿಯೊಳಗೇ. ಹಾಗಾಗಿ ನನ್ನ ವಾದವನ್ನು ಆ ಯೋಜನೆಯ ವಿರುದ್ಧ ಬಳಸಲು ಬರುವುದಿಲ್ಲ. ಹೈಸ್ಕೂಲಿನ ಹೊತ್ತಿಗೆ ಅದೇ ಲೋಟದಲ್ಲಿ ಮಜ್ಜಿಗೆಯನ್ನೂ ಆಯ್ಕೆಗೆ ಇಟ್ಟರೆ ಆಗದೇ ಎಂದು ಕೇಳಲು ಮಾತ್ರ ಬರುತ್ತದೆ. ಹಾಲು ಅರಗುವ ವಂಶವಾಹಿಯನ್ನು ಪತ್ತೆ ಮಾಡಿದ ಫಿನ್‌ಲೆಂಡಿನಲ್ಲಿ ಆರರಲ್ಲಿ ಒಬ್ಬರಿಗಷ್ಟೇ ಈ ತೊಂದರೆ, ಆದರೂ ಅಲ್ಲಿನ ವಾಲಿಯೊ ಎಂಬ ಸಹಕಾರಿ ಡೇರಿ 2001ರಲ್ಲೇ ಲ್ಯಾಕ್ಟೋಸ್ ಇಲ್ಲದ ಹಾಲನ್ನು ಮಾರುಕಟ್ಟೆಗೆ ತಂದಿತು. ಈಗ ಅಂಥ ಹಾಲು ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆ ಮಾಮೂಲಿ ಹಾಲಿಗಿಂತ ಹೆಚ್ಚು. ಕಾರ್ಖಾನೆಯಲ್ಲಿ ಅದಕ್ಕೆ ಬೆರೆಸುವ ಲ್ಯಾಕ್ಟೇಸ್ ಕಿಣ್ವವನ್ನು ಯೀಸ್ಟ್ ಅಥವಾ ಬೂಷ್ಟಿನಂಥ ಸೂಕ್ಷ್ಮಜೀವಿಗಳಿಂದ ಪಡೆಯುತ್ತಾರೆ.